340 ಟನ್ ಇದ್ದ ತಿಮಿಂಗಿಲ 60 ಟನ್‌ಗೆ ಇಳಿದಿದ್ದು ಹೇಗೆ? ಪೆರುಸೀಟಸ್ ತೂಕದ ಜಗಳ

2023ರ ಆಗಸ್ಟ್‌ನಲ್ಲಿ ಪೆರುಸೀಟಸ್ ಕೊಲೋಸಸ್ ಅನ್ನೋ, ಯಾವತ್ತೋ ಅಳಿದುಹೋದ ತಿಮಿಂಗಿಲದ ಸುದ್ದಿ ಬಂದಾಗ ಅದರ ತೂಕ 340 ಟನ್ ತನಕ ಇರಬಹುದು ಅಂದ್ರು. ಆರು ತಿಂಗಳು ಕಳೆದು 2024ರ ಫೆಬ್ರವರಿ ಕೊನೆಗೆ ಬೇರೆ ಇಬ್ಬರು ವಿಜ್ಞಾನಿಗಳು 60ರಿಂದ 70 ಟನ್ ಅಂದ್ರು. 2025ರಲ್ಲಿ ಇನ್ನೊಂದು ಸಂಶೋಧನಾ ಪೇಪರ್ ಬಂತು, ಅದರ ಪ್ರಕಾರ 35ರಿಂದ 40 ಟನ್ ಅಷ್ಟೇ. ಇಷ್ಟು ದಿನದಲ್ಲಿ ಈ ಪ್ರಾಣಿದು ಅಂತ ವರದಿಯಾದ ಹೊಸ ಮೂಳೆ ಒಂದೂ ಇಲ್ಲ. ಇರೋದು ಅವೇ 18 ಮೂಳೆ, 13 ಬೆನ್ನುಮೂಳೆ, 4 ಪಕ್ಕೆಲುಬು, ಸೊಂಟದ ಒಂದು ಮೂಳೆ. ಆದ್ರೂ ಯೂಟ್ಯೂಬ್ ಶಾರ್ಟ್ಸ್‌ನಲ್ಲಿ, ವಾಟ್ಸಾಪ್‌ನಲ್ಲಿ ಓಡಾಡೋ "ನಿಮಗೆ ಗೊತ್ತೇ" ಫೋಟೋಗಳಲ್ಲಿ ಇದು ಇವತ್ತಿಗೂ "ಭೂಮಿ ಮೇಲೆ ಬದುಕಿದ್ದ ಅತಿ ಭಾರದ ಪ್ರಾಣಿ" ಆಗೇ ಇದೆ, ನೀಲಿ ತಿಮಿಂಗಿಲದ ಪಟ್ಟ ಹೋಯ್ತು ಅಂತಾನೇ ಜನ ಶೇರ್ ಮಾಡ್ತಾ ಇದಾರೆ.

ಮೊದಲೇ ಹೇಳಿಬಿಡ್ತೀನಿ, ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಮೂಳೆ ನಿಜ, ಅಳತೆ ನಿಜ, 340 ಟನ್ ಅಂದ ಆ ಮೊದಲ ಪೇಪರ್ ಪ್ರಕಟಿಸಿದ್ದು ನೇಚರ್ ಅನ್ನೋ ದೊಡ್ಡ ವಿಜ್ಞಾನ ಪತ್ರಿಕೆ. ಎಡವಟ್ಟಾಗಿದ್ದು ಮೂಳೆಯಿಂದ ಮೈಗೆ ಹೋಗೋ ದಾರಿಯಲ್ಲಿ. ಆ ದಾರಿ ಹೇಗಿದೆ ಅಂತ ನೋಡಿದ್ರೆ ಈ ಟನ್ ಲೆಕ್ಕಕ್ಕಿಂತ ಆ ಮೂಳೆಗಳೇ ಹೆಚ್ಚು ವಿಚಿತ್ರ ಅನ್ನಿಸುತ್ತೆ.

ಸಿಕ್ಕಿದ್ದು ಪೆರು ದೇಶದ ದಕ್ಷಿಣದ ಇಕಾ ಮರುಭೂಮಿಯಲ್ಲಿ. ಮರುಭೂಮಿಯಲ್ಲಿ ತಿಮಿಂಗಿಲ ಎಲ್ಲಿಂದ ಬಂತು ಅಂದ್ರೆ, ಒಂದು ಕಾಲಕ್ಕೆ ಅದೆಲ್ಲ ಸಮುದ್ರದ ತಳ. ನಾಸ್ಕಾ ಭೂಫಲಕ ದಕ್ಷಿಣ ಅಮೆರಿಕದ ಕೆಳಗೆ ನುಗ್ಗುತ್ತಾ ಆ ತಳವನ್ನ ಮೇಲೆತ್ತಿದೆ, ಆಮೇಲೆ ಮಳೆ ಅನ್ನೋದೇ ಇಲ್ಲದ ಒಣ ಹವೆ, ಗಿಡ ಇಲ್ಲ, ಮಣ್ಣು ಮುಚ್ಚಲ್ಲ, ಗಾಳಿ ಮರಳನ್ನ ಕೆರೆದು ಮೂಳೆಗಳನ್ನ ಹೊರಗೆ ಹಾಕ್ತಾ ಇರುತ್ತೆ. ಅಲ್ಲಿ ದಶಕಗಳಿಂದ ಓಡಾಡಿ ಪಳೆಯುಳಿಕೆ ಹುಡುಕ್ತಾ ಬಂದವರು ಮಾರಿಯೋ ಉರ್ಬಿನಾ, ಲೀಮಾದ ಸಾನ್ ಮಾರ್ಕೋಸ್ ವಿಶ್ವವಿದ್ಯಾಲಯದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನವರು. ಅವರಿಗೆ ಇದು ಕಣ್ಣಿಗೆ ಬಿದ್ದಾಗ ಮಿಕ್ಕವರು ಇದು ಮೂಳೆನೇ ಅಲ್ಲ, ಕಲ್ಲು ಅಂದುಕೊಂಡಿದ್ರಂತೆ. ತಪ್ಪೇನಿಲ್ಲ ಬಿಡಿ, ಒಂದೊಂದು ಬೆನ್ನುಮೂಳೆನೂ 100 ಕೆಜಿ ದಾಟುತ್ತೆ, ಊದಿಕೊಂಡ ಗುಂಡುಕಲ್ಲಿನ ಥರ ಇದೆ, ಮೂಳೆ ಅಂದ್ರೆ ನಮ್ಮ ತಲೆಯಲ್ಲಿ ಇರೋ ಯಾವ ಆಕಾರಕ್ಕೂ ಅದು ಹೊಂದಲ್ಲ. ಅದನ್ನ ಬಂಡೆಯಿಂದ ಬಿಡಿಸಿ ಮರುಭೂಮಿಯಿಂದ ಲೀಮಾಕ್ಕೆ ಸಾಗಿಸೋಕೇ ವರ್ಷಗಳು ಹಿಡೀತು. ಬಂಡೆಯ ವಯಸ್ಸು ಸುಮಾರು 3.9 ಕೋಟಿ ವರ್ಷ.

ಆಮೇಲೆ ವಿಜ್ಞಾನಿಗಳು ಆ ಮೂಳೆಗಳಿಗೆ ಡ್ರಿಲ್ ಹಾಕಿ ಒಳಗಿನ ಸ್ಯಾಂಪಲ್ ತೆಗೆದು ನೋಡಿದ್ರು. ಈಗಿನ ದೊಡ್ಡ ತಿಮಿಂಗಿಲಗಳ ಮೂಳೆ ಒಳಗೆ ಸ್ಪಂಜಿನ ಥರ ತೂತು ತೂತು, ಆ ತೂತುಗಳ ತುಂಬ ಎಣ್ಣೆ, ಹಾಗಾಗಿ ಮೂಳೆ ಹಗುರ. ಪೆರುಸೀಟಸ್‌ದು ಪೂರ್ತಿ ಉಲ್ಟಾ. ಒಳಗೆಲ್ಲ ಗಟ್ಟಿ, ತೂತೇ ಇಲ್ಲ ಅನ್ನೋ ಹಾಗೆ, ಜೊತೆಗೆ ಹೊರಗಡೆಯಿಂದಲೂ ಮೂಳೆ ಮೇಲೆ ಮೂಳೆ ಕೂತು ದಪ್ಪ ಆಗಿದೆ. ಯಾವುದೋ ಕಾಯಿಲೆ ಬಂದು ಹೀಗಾಗಿದ್ದಲ್ಲ. ಒಳಗೆ ಗಟ್ಟಿ ಆಗೋದು, ಹೊರಗೆ ಊದೋದು, ಈ ಎರಡೂ ನೀರಿಗಿಳಿದ ಬೇರೆ ಬೇರೆ ಪ್ರಾಣಿಗಳಲ್ಲಿ ಮತ್ತೆ ಮತ್ತೆ ಕಾಣೋ ಬದಲಾವಣೆ, ಆದ್ರೆ ಇಷ್ಟು ಅತಿಯಾಗಿ ಎಲ್ಲೂ ಕಂಡಿರಲಿಲ್ಲ.

ಈಗ ತೂಕದ ಲೆಕ್ಕಕ್ಕೆ ಬರೋಣ. ಇಟಲಿಯ ಪೀಸಾದ ಜೊವಾನಿ ಬಿಯಾನೂಚಿ ಮತ್ತವರ ತಂಡ ಸಿಕ್ಕ ಮೂಳೆಗಳನ್ನ ಸ್ಕ್ಯಾನ್ ಮಾಡಿದ್ರು. ಇಲ್ಲದ ಭಾಗಗಳನ್ನ, ಅಂದ್ರೆ ತಲೆ, ಕುತ್ತಿಗೆ, ಬಾಲ, ಕೈ, ಇವನ್ನೆಲ್ಲ ಪೆರುಸೀಟಸ್ ಇರೋ ಬೆಸಿಲೋಸಾರಿಡ್ ಅನ್ನೋ ಹಳೇ ತಿಮಿಂಗಿಲಗಳ ಕುಟುಂಬಕ್ಕೇ ಸೇರಿದ, ಪೆರುನಲ್ಲೇ ಹೆಚ್ಚುಕಮ್ಮಿ ಪೂರ್ತಿ ಅಸ್ಥಿಪಂಜರ ಸಿಕ್ಕಿರೋ ಸಿಂಥಿಯಾಸೀಟಸ್ ಅನ್ನೋ ತಿಮಿಂಗಿಲ ನೋಡಿ ತುಂಬಿಸಿದ್ರು. ಹಾಗೆ ಉದ್ದ 17ರಿಂದ 20 ಮೀಟರ್ ಅಂತ ಬಂತು, ಅಸ್ಥಿಪಂಜರದ ತೂಕ 5.3ರಿಂದ 7.6 ಟನ್. ಇಲ್ಲಿಗೆ ಬರೋ ಹೊತ್ತಿಗೇ ಎರಡು ಊಹೆ ಸೇರಿಕೊಂಡಿವೆ ಗಮನಿಸಿ, ಒಂದು ಉದ್ದದ್ದು, ಇನ್ನೊಂದು ಕಾಣದ ಮೂಳೆಗಳೂ ಕಂಡ ಮೂಳೆಗಳಷ್ಟೇ ದಪ್ಪ ಇದ್ವು ಅನ್ನೋದು. ಆದ್ರೂ ಆ ಅಸ್ಥಿಪಂಜರದ ಅಂಕಿ ಸಣ್ಣದೇನಲ್ಲ, ಲಂಡನ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ತೂಗುಹಾಕಿರೋ 25 ಮೀಟರ್ ನೀಲಿ ತಿಮಿಂಗಿಲದ ಅಸ್ಥಿಪಂಜರಕ್ಕೆ ಹೋಲಿಸಿದ್ರೆ ಎರಡು ಮೂರು ಪಟ್ಟು ಭಾರ.

ಇಲ್ಲಿಂದ ಮುಂದೆ ದೊಡ್ಡ ಜಿಗಿತ. ಈಗ ಬದುಕಿರೋ ಪ್ರಾಣಿಗಳಲ್ಲಿ ಒಟ್ಟು ತೂಕದಲ್ಲಿ ಅಸ್ಥಿಪಂಜರದ ಪಾಲು ಎಷ್ಟು ಅಂತ ನೋಡಿ, ಅದೇ ಅನುಪಾತವನ್ನ ಪೆರುಸೀಟಸ್‌ಗೆ ಹಾಕಿದ್ರು. ತಿಮಿಂಗಿಲಗಳಲ್ಲಿ ಆ ಪಾಲು ಕಮ್ಮಿ. ಮ್ಯಾನಟೀ ಥರದ ಕಡಲಹಸುಗಳಲ್ಲಿ ಮೂಳೆ ಭಾರ, ಹಾಗಾಗಿ ಪಾಲು ಜಾಸ್ತಿ. ಯಾವ ಅನುಪಾತ ಹಿಡೀತೀರಿ ಅನ್ನೋದರ ಮೇಲೆ ಉತ್ತರ 85 ಟನ್ನೂ ಆಗುತ್ತೆ, 340 ಟನ್ನೂ ಆಗುತ್ತೆ, ಸರಾಸರಿ 180ರ ಆಸುಪಾಸು. ಅವರೇ ಕೊಟ್ಟ ಅಂಕಿಗಳನ್ನ ಭಾಗಿಸಿ ನೋಡಿದ್ರೆ ಗೊತ್ತಾಗುತ್ತೆ, ಮೂಳೆಯ ಪಾಲು ಸ್ಥೂಲವಾಗಿ 100ಕ್ಕೆ 2 ಅಂದ್ರೆ 340 ಟನ್, 100ಕ್ಕೆ 6 ಅಂದ್ರೆ 85 ಟನ್. ಕಾಯಿ ಚಿಪ್ಪಿನ ತೂಕ ನೋಡಿ ಒಳಗೆ ನೀರೆಷ್ಟು, ಕೊಬ್ಬರಿ ಎಷ್ಟು ಅಂತ ಹೇಳೋ ಕೆಲಸ ಇದು, ಅದೂ ಇಂಥ ದಪ್ಪ ಚಿಪ್ಪಿನ ಕಾಯಿಯನ್ನ ಇಡೀ ತೋಟದಲ್ಲಿ ಇನ್ನೊಂದು ನೋಡಿಲ್ಲ ಅನ್ನೋವಾಗ.

ಕನಿಷ್ಠಕ್ಕೂ ಗರಿಷ್ಠಕ್ಕೂ ನಾಲ್ಕು ಪಟ್ಟು ವ್ಯತ್ಯಾಸ ಇರೋ ಅಂದಾಜು ಅಂದ್ರೆ ಅದರ ಅರ್ಥವೇ "ನಮಗೆ ಖಚಿತ ಇಲ್ಲ" ಅಂತ. ಅದನ್ನ ಪೇಪರ್ ಬರೆದವರೂ ಮುಚ್ಚಿಟ್ಟಿಲ್ಲ, ಅತಿ ಭಾರದ ಪ್ರಾಣಿ ಪಟ್ಟಕ್ಕೆ ಇದೂ ಒಂದು ಸ್ಪರ್ಧಿ ಅನ್ನೋ ಧಾಟಿಯಲ್ಲೇ ಬರೆದಿದ್ರು. ಆದ್ರೆ ಹೆಡ್‌ಲೈನ್ ಬರೆಯೋನಿಗೆ 85 ಯಾಕೆ ಬೇಕು ಹೇಳಿ. 85 ಅಂದ್ರೆ ನೀಲಿ ತಿಮಿಂಗಿಲನೇ ಗೆಲ್ಲುತ್ತೆ, ಸುದ್ದಿ ಅಲ್ಲೇ ಸತ್ತುಹೋಗುತ್ತೆ. 340 ಹಿಡ್ಕೊಂಡ್ರು, "ತನಕ ಇರಬಹುದು" ಅನ್ನೋದು "ಇತ್ತು" ಆಯ್ತು, ಮುಗೀತು ಕಥೆ. ನನ್ನ ಕೇಳಿದ್ರೆ ತಪ್ಪಿನಲ್ಲಿ ಸ್ವಲ್ಪ ಪಾಲು ವಿಜ್ಞಾನಿಗಳಿಗೂ ಇದೆ, ಅಷ್ಟು ಅಗಲದ ಅಂದಾಜು ಕೈಯಲ್ಲಿಟ್ಟುಕೊಂಡು ನೀಲಿ ತಿಮಿಂಗಿಲದ ಜೊತೆ ತೂಕದ ಹೋಲಿಕೆಗೆ ಹೋಗಿದ್ದೇ ಮಾಧ್ಯಮದವರ ಕೈಗೆ ಕೋಲು ಕೊಟ್ಟ ಹಾಗಾಯ್ತು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ರ್ಯೋಸುಕೆ ಮೋತಾನಿ, ಸ್ಮಿತ್ಸೋನಿಯನ್ ಸಂಸ್ಥೆಯ ನಿಕೋಲಸ್ ಪಯೆನ್ಸನ್, ಇಬ್ಬರೂ ಈ ಲೆಕ್ಕವನ್ನ ಬಿಚ್ಚಿ ನೋಡಿದ್ರು. ಅವರ ವಾದದಲ್ಲಿ ಮುಖ್ಯವಾಗಿ ಎರಡು ತಕರಾರು. ಒಂದು, ಈ ಜಾತಿಯ ತಿಮಿಂಗಿಲಗಳಲ್ಲಿ ದಪ್ಪ ಮೂಳೆ ಅನ್ನೋದು ಮೈಯೆಲ್ಲ ಒಂದೇ ಸಮ ಇರಲ್ಲ, ಒಂದು ಕಡೆ ಊದಿರುತ್ತೆ, ಇನ್ನೊಂದು ಕಡೆ ಮಾಮೂಲಿ ಇರುತ್ತೆ, ಹಾಗಾಗಿ ಸಿಕ್ಕಿದ ದಪ್ಪ ಮೂಳೆ ನೋಡಿ ಸಿಗದ ಮೂಳೆಗಳನ್ನೂ ಊದಿಸಿದ್ರೆ ಅಸ್ಥಿಪಂಜರದ ತೂಕವೇ ಹೆಚ್ಚಾಗಿ ಬರುತ್ತೆ. ಎರಡನೇದು ಇನ್ನೂ ಬುಡಕ್ಕೆ ಹೋಗೋ ತಕರಾರು, ಮೂಳೆ ಎರಡು ಪಟ್ಟು ಆಯ್ತು ಅಂದ ಮಾತ್ರಕ್ಕೆ ಮಾಂಸ ಕೊಬ್ಬು ಎಲ್ಲ ಎರಡು ಪಟ್ಟು ಆಗಬೇಕು ಅಂತ ಯಾವ ನಿಯಮನೂ ಇಲ್ಲ. ಮೂಳೆ ಭಾರ ಆಗಿರೋದು ಮೈಯಲ್ಲಿರೋ ಹಗುರದ ಕೊಬ್ಬನ್ನ, ಶ್ವಾಸಕೋಶದ ಗಾಳಿಯನ್ನ ಸರಿದೂಗಿಸೋಕೆ. ನೀರಲ್ಲಿ ಬದುಕೋ ಪ್ರಾಣಿಯ ಒಟ್ಟು ಸಾಂದ್ರತೆ ಸಮುದ್ರದ ನೀರಿನ ಹತ್ತಿರ ಹತ್ತಿರವೇ ಇರಬೇಕು, ಇಲ್ಲಾಂದ್ರೆ ಒಂದೋ ಬೆಂಡಿನ ಥರ ತೇಲುತ್ತೆ, ಇಲ್ಲ ತಳ ಸೇರುತ್ತೆ.

ಇದು ಪೆನ್ನು ಪೇಪರ್ ಇದ್ರೆ ನಾವೂ ಹಾಕಬಹುದಾದ ಲೆಕ್ಕ. ಸಮುದ್ರದ ನೀರು ಒಂದು ಘನ ಮೀಟರ್‌ಗೆ ಒಂದು ಟನ್‌ಗಿಂತ ಸ್ವಲ್ಪ ಜಾಸ್ತಿ, 1.025 ಟನ್ ಇಟ್ಕೊಳ್ಳಿ. ಪ್ರಾಣಿ 180 ಟನ್ ಅಂದ್ರೆ ಮೈಯ ಗಾತ್ರ ಸುಮಾರು 175 ಘನ ಮೀಟರ್ ಆಗಬೇಕು. ಉದ್ದ 17 ಮೀಟರ್ ಮಾತ್ರ. ಅದನ್ನ ಒಂದು ಉರುಳೆ ಅಂದ್ಕೊಂಡ್ರೂ ಅಡ್ಡ ಅಳತೆ 3.6 ಮೀಟರ್ ಬರುತ್ತೆ, ತಿಮಿಂಗಿಲ ಉರುಳೆ ಅಲ್ವಲ್ಲ, ತಲೆ ಕಡೆ ಬಾಲದ ಕಡೆ ಸಣ್ಣ ಆಗ್ತಾ ಹೋಗುತ್ತೆ, ಹಾಗಾಗಿ ನಡುಭಾಗ ನಾಲ್ಕೂವರೆ ಮೀಟರ್ ದಾಟಲೇಬೇಕು. 340 ಟನ್ ಅಂದ್ರಂತೂ ಉರುಳೆ ಲೆಕ್ಕದಲ್ಲೇ ಐದು ಮೀಟರ್, ನಡುಭಾಗ ಆರು ದಾಟುತ್ತೆ, ಅಂದ್ರೆ ಎರಡಂತಸ್ತಿನ ಮನೆ ಎತ್ತರದ ಹೊಟ್ಟೆ. ಅದೇ 65 ಟನ್ ಇಟ್ರೆ ಉರುಳೆಯ ಅಡ್ಡ ಅಳತೆ 2.2 ಮೀಟರ್, ಕಣ್ಣಿಗೂ ಒಂದು ತಿಮಿಂಗಿಲದ ಥರ ಕಾಣುತ್ತೆ. ಇಲ್ಲ, ಮೈ ಅಷ್ಟು ದಪ್ಪ ಇರಲಿಲ್ಲ ಆದ್ರೂ 180 ಟನ್ ಇತ್ತು ಅಂತ ಹಠ ಹಿಡಿದ್ರೆ ಅದು ನೀರಿಗಿಂತ ಎಷ್ಟೋ ಭಾರದ ಪ್ರಾಣಿ ಆಗುತ್ತೆ, ಉಸಿರಿಗೆ ಮೇಲೆ ಬರೋಕೆ ಪ್ರತಿ ಸಲ ಒದ್ದಾಡಬೇಕು, ಸುಮ್ಮನಿದ್ರೆ ತಳಕ್ಕೆ. ಹಾಗೆ ಬದುಕೋಕೆ ಆಗಲ್ಲ ಅನ್ನೋದೇ ಮೋತಾನಿ, ಪಯೆನ್ಸನ್ ಅವರ ಮಾತು. ಉದ್ದ 17 ಮೀಟರ್ ಇದ್ರೆ 60ರಿಂದ 70 ಟನ್, ಅಕಸ್ಮಾತ್ 20 ಮೀಟರ್ ಇದ್ರೆ 98ರಿಂದ 114 ಟನ್ ತನಕ ಹೋಗಬಹುದು ಅಂತ ಅವರು ಬರೆದ್ರು. ಉದ್ದ ಬರೀ ಮೂರು ಮೀಟರ್ ಜಾಸ್ತಿ ಆಗಿದ್ದಕ್ಕೆ ತೂಕ ಇಷ್ಟು ಏರೋದು ಯಾಕೆ ಅಂದ್ರೆ ಉದ್ದ ಬೆಳೆದ ಹಾಗೆ ಅಗಲ, ಎತ್ತರ ಎರಡೂ ಬೆಳೆಯುತ್ತೆ.

2025ರ ಪೇಪರ್ ಗ್ರೆಗರಿ ಪಾಲ್ ಮತ್ತು ಆಸಿಯರ್ ಲಾರ್ರಾಮೆಂಡಿ ಅವರದ್ದು. ಅವರು ಉದ್ದವನ್ನೂ ಇಳಿಸಿ ಇನ್ನೂ ತೆಳ್ಳಗಿನ ಮೈ ಬಿಡಿಸಿದ್ರು. ಅದರಲ್ಲಿ ನನಗೆ ಮಜಾ ಅನ್ನಿಸಿದ್ದು ಬೇರೆ ವಿಷಯ, ನೀಲಿ ತಿಮಿಂಗಿಲದ ಬಗ್ಗೆ ಹೇಳೋ ತೂಕಗಳೂ ಸ್ವಲ್ಪ ಉಬ್ಬಿಸಿದವೇ ಅಂತ ಅವರು ವಾದ ಮಾಡ್ತಾರೆ. ಯೋಚನೆ ಮಾಡಿ ನೋಡಿದ್ರೆ ಅದೂ ಸಹಜವೇ. ಇಡೀ ನೀಲಿ ತಿಮಿಂಗಿಲವನ್ನ ತಕ್ಕಡಿಗೆ ಹಾಕೋದು ಎಲ್ಲಾದ್ರೂ ಉಂಟೆ? ಬೇಟೆ ಕಾಲದಲ್ಲಿ ತುಂಡು ತುಂಡು ಮಾಡಿ ತೂಗೋರು, ಹರಿದು ಹೋದ ರಕ್ತಕ್ಕೆ ಇಷ್ಟು ಅಂತ ಆಮೇಲೆ ಸೇರಿಸೋರು. ಅಂದ್ರೆ ಹೋಲಿಕೆಯ ಎರಡೂ ಕಡೆ ಅಂದಾಜೇ ಕೂತಿದೆ, ಒಂದು ಕಡೆ ಸತ್ತು ಕೋಟ್ಯಂತರ ವರ್ಷ ಆದ ಪ್ರಾಣಿ, ಇನ್ನೊಂದು ಕಡೆ ಇವತ್ತಿಗೂ ನಮ್ಮ ಅರಬ್ಬಿ ಸಮುದ್ರದಲ್ಲಿ ಓಡಾಡ್ತಿರೋ ಪ್ರಾಣಿ.

ಹಳೇ ತಿಮಿಂಗಿಲಗಳನ್ನ ಉಬ್ಬಿಸಿ ತೋರಿಸೋ ಚಾಳಿ ಹೊಸದೇನಲ್ಲ. ಇದೇ ಕುಟುಂಬದ ಬೆಸಿಲೋಸಾರಸ್‌ಗೆ 1834ರಲ್ಲಿ ಹೆಸರಿಟ್ಟ ರಿಚರ್ಡ್ ಹಾರ್ಲನ್ ಅದನ್ನ ಸಮುದ್ರದ ಸರೀಸೃಪ ಅಂದುಕೊಂಡಿದ್ರು, ಹಲ್ಲು ನೋಡಿ ಇದು ಸಸ್ತನಿ ಕಣ್ರೀ ಅಂತ ಹೇಳಿದ್ದು ರಿಚರ್ಡ್ ಓವನ್. ಅದಾದ ಮೇಲೆ 1845ರಲ್ಲಿ ಆಲ್ಬರ್ಟ್ ಕಾಖ್ ಅನ್ನೋ ಒಬ್ಬ ಶೋಮ್ಯಾನ್ ಅಲಬಾಮಾದಲ್ಲಿ ಸಿಕ್ಕ ಇದೇ ಪ್ರಾಣಿಯ ಹಲವು ಅಸ್ಥಿಪಂಜರಗಳ ಮೂಳೆ ಒಂದಕ್ಕೊಂದು ಪೋಣಿಸಿ 114 ಅಡಿ ಉದ್ದದ ಸಮುದ್ರ ಸರ್ಪ ಅಂತ ನ್ಯೂಯಾರ್ಕ್‌ನಲ್ಲಿ ಟಿಕೆಟ್ ಇಟ್ಟು ತೋರಿಸಿದ. ಇದು ಒಂದೇ ಪ್ರಾಣಿದಲ್ಲ, ಸರ್ಪನೂ ಅಲ್ಲ ಅಂತ ಜೆಫ್ರೀಸ್ ವೈಮನ್ ಅನ್ನೋ ಶರೀರಶಾಸ್ತ್ರಜ್ಞ ಬಯಲು ಮಾಡಿದ ಮೇಲೂ ವ್ಯಾಪಾರ ನಿಲ್ಲಲಿಲ್ಲ, ಕೊನೆಗೆ ಅದನ್ನ ಕೊಂಡವನು ಪ್ರಷ್ಯಾದ ರಾಜ! ಕಾಖ್ ಮಾಡಿದ್ದು ಮೋಸ, ಇಕಾದಲ್ಲಿ ನಡೆದಿದ್ದು ವಿಜ್ಞಾನ, ಎರಡನ್ನೂ ಒಂದೇ ತಕ್ಕಡಿಗೆ ಹಾಕ್ತಾ ಇಲ್ಲ ನಾನು. ಆದ್ರೆ ನೋಡೋ ಜನಕ್ಕೆ ಆಗಲೂ ಈಗಲೂ ಬೇಕಾಗಿದ್ದು "ಎಷ್ಟು ದೊಡ್ಡದು" ಅನ್ನೋ ಒಂದೇ ಪ್ರಶ್ನೆಗೆ ಉತ್ತರ.

ಅದೇ ಆಗಸ್ಟ್ 2023ರಲ್ಲಿ ಈಜಿಪ್ಟ್‌ನ ಹೆಶಾಮ್ ಸಲ್ಲಾಮ್ ಅವರ ತಂಡ ಟುಟ್ಸೀಟಸ್ ಅನ್ನೋ ಇನ್ನೊಂದು ಬೆಸಿಲೋಸಾರಿಡ್ ತಿಮಿಂಗಿಲ ಪ್ರಕಟಿಸಿತು. ಉದ್ದ ಎರಡೂವರೆ ಮೀಟರ್, ತೂಕ ಸುಮಾರು 187 ಕೆಜಿ, ವಯಸ್ಸು 4.1 ಕೋಟಿ ವರ್ಷ. ಪೆರುಸೀಟಸ್‌ಗೆ ಸಿಗದೇ ಇರೋ ತಲೆ, ಹಲ್ಲು ಎಲ್ಲ ಇದಕ್ಕೆ ಸಿಕ್ಕಿದೆ, ಹಾಗಾಗಿ ಅದು ಹೇಗೆ ಬೆಳೀತು, ಏನು ತಿಂತು ಅಂತ ನಿಜವಾಗಿ ಹೇಳೋಕೆ ಆಗುತ್ತೆ. ನಮ್ಮಲ್ಲಿ ಎಷ್ಟು ಜನ ಅದರ ಹೆಸರು ಕೇಳಿದೀರಿ?

ಇನ್ನು ಮೂಳೆ ಯಾಕೆ ಅಷ್ಟು ಭಾರ ಅನ್ನೋ ವಿಷಯ, ನನ್ನ ಪ್ರಕಾರ ಹೆಡ್‌ಲೈನ್ ಆಗಬೇಕಾಗಿದ್ದು ಇದು. ಗಾಳಿ ತುಂಬಿದ ಶ್ವಾಸಕೋಶ ಇರೋ ಪ್ರಾಣಿ ಆಳ ಇಲ್ಲದ ನೀರಲ್ಲಿ ತಳದ ಹತ್ತಿರ ಇರಬೇಕು ಅಂದ್ರೆ ಕಷ್ಟ, ಗಾಳಿ ಮೇಲಕ್ಕೆ ಎತ್ತುತ್ತೆ. ಆಳಕ್ಕೆ ಹೋದ್ರೆ ನೀರಿನ ಒತ್ತಡಕ್ಕೆ ಶ್ವಾಸಕೋಶ ಕುಗ್ಗಿ ಆ ತೊಂದರೆ ತಾನಾಗೇ ಕಮ್ಮಿ ಆಗುತ್ತೆ, ಆದ್ರಿಂದ ಆಳಕ್ಕೆ ಮುಳುಗೋ ಈಗಿನ ತಿಮಿಂಗಿಲಗಳಿಗೆ ಭಾರದ ಮೂಳೆ ಬೇಡ. ದಡದ ಹತ್ತಿರ ಹುಲ್ಲು ಮೇಯೋ ಕಡಲಹಸುಗಳಿಗೆ ಬೇಕು, ಅವುಗಳ ಪಕ್ಕೆಲುಬು ಗಟ್ಟಿ. ಪೆರುಸೀಟಸ್ ಕೂಡ ದಡದ ಹತ್ತಿರ, ಆಳ ಇಲ್ಲದ ಕಡೆ, ನಿಧಾನಕ್ಕೆ ಬಾಲ ಬೀಸ್ಕೊಂಡು ಓಡಾಡ್ತಿದ್ದ ಪ್ರಾಣಿ ಅಂತ ಮೂಳೆಗಳು ಹೇಳ್ತವೆ. ಅಲ್ಲೀತನಕ ತಿಮಿಂಗಿಲಗಳು ಭಾರಿ ಗಾತ್ರಕ್ಕೆ ಬೆಳೆದಿದ್ದೆಲ್ಲ ಇತ್ತೀಚೆಗೆ, ತೆರೆದ ಸಮುದ್ರದಲ್ಲಿ, ಸಿಗಡಿ ಥರದ ಸಣ್ಣ ಜೀವಿಗಳನ್ನ ಬಾಯಿತುಂಬ ಸೋಸಿ ತಿನ್ನೋದು ಕಲಿತ ಮೇಲೆ ಅಂತ ಲೆಕ್ಕ ಇತ್ತು. 3.9 ಕೋಟಿ ವರ್ಷದ ಹಿಂದೆಯೇ, ಬೇರೆ ಥರದ ಬದುಕಿನಲ್ಲಿ, ದಡದ ಪಕ್ಕ ಇಷ್ಟು ದೊಡ್ಡದು ಒಂದಿತ್ತು ಅನ್ನೋದು ತೂಕ 60 ಟನ್ ಆದ್ರೂ ದೊಡ್ಡ ಸುದ್ದಿಯೇ, 40 ಟನ್ ಆದ್ರೂ ಸುದ್ದಿಯೇ.

ಈ ಭಾರದ ಮೂಳೆಯ ಕಥೆ ಶುರುವಾಗೋದು ನಮ್ಮ ಉಪಖಂಡದಲ್ಲಿ. ಭೂವಿಜ್ಞಾನಿ ಎ. ರಂಗರಾವ್ ಅವರು ಜಮ್ಮು ಕಾಶ್ಮೀರದ ಕಾಲಾಕೋಟ್‌ನಲ್ಲಿ ಕಲ್ಲುಗಳನ್ನ ಸಂಗ್ರಹಿಸಿ 1971ರಲ್ಲಿ ಇಂಡೋಹ್ಯೂಸ್ ಅನ್ನೋ ಪ್ರಾಣಿಗೆ ಹೆಸರಿಟ್ರು, ಬೆಕ್ಕಿಗಿಂತ ಸ್ವಲ್ಪ ದೊಡ್ಡದು, ಸಣ್ಣ ಗೊರಸು ಇರೋದು. ಅವರು ತೀರಿಕೊಂಡ ಮೇಲೆ ಒಡೆಯದೇ ಉಳಿದಿದ್ದ ಕಲ್ಲುಗಳು ಅವರ ಹೆಂಡತಿಯ ಕಡೆಯಿಂದ ಹಾನ್ಸ್ ಥೆವಿಸನ್ ಅನ್ನೋ ವಿಜ್ಞಾನಿ ಕೈಗೆ ಬಂದ್ವು, ಸ್ವಚ್ಛ ಮಾಡೋವಾಗ ಅಕಸ್ಮಾತ್ ಒಂದು ಬುರುಡೆ ಒಡೆದು ಕಿವಿಯ ಮೂಳೆ ಕಂಡಿತು, ನೋಡಿದ್ರೆ ತಿಮಿಂಗಿಲಗಳಲ್ಲಿ ಮಾತ್ರ ಇರುತ್ತೆ ಅಂದ್ಕೊಂಡಿದ್ದ ದಪ್ಪ ಅಂಚು ಅಲ್ಲಿತ್ತು. 2007ರಲ್ಲಿ ಅದು ಪ್ರಕಟ ಆಯ್ತು. ಆ ಪೇಪರ್‌ನಲ್ಲೇ ಇನ್ನೊಂದು ವಿಷಯ ಇದೆ, ಇಂಡೋಹ್ಯೂಸ್‌ನ ಕಾಲಿನ ಮೂಳೆಗಳ ಗೋಡೆ ದಪ್ಪ, ಅಂದ್ರೆ ನೀರಿನ ತಳದಲ್ಲಿ ಕಾಲೂರಿ ನಡೆಯೋಕೆ ಬೇಕಾದ ಭಾರ. ತಿಮಿಂಗಿಲದ ನೆಂಟರು ನೀರಿಗೆ ಇಳಿಯೋವಾಗಲೇ ಶುರುವಾದ ಉಪಾಯ ಇದು, ಪೆರುಸೀಟಸ್‌ನಲ್ಲಿ ಅದರ ತುತ್ತತುದಿ ಕಾಣುತ್ತೆ. ನಡುವಿನ ಹಂತದ ಕಾಲಿರೋ ತಿಮಿಂಗಿಲಗಳು ಪಾಕಿಸ್ತಾನದಲ್ಲಿ, ನಮ್ಮ ಗುಜರಾತಿನ ಕಛ್‌ನಲ್ಲಿ ಸಿಗ್ತವೆ. 1970ರ ದಶಕದಲ್ಲಿ ಅಶೋಕ್ ಸಾಹ್ನಿ, ವಿಜಯ್ ಪ್ರಕಾಶ್ ಮಿಶ್ರಾ ಕಛ್‌ನ ತಿಮಿಂಗಿಲಗಳನ್ನ ವಿವರಿಸಿದ್ರು, ಆಮೇಲೆ ಸುನಿಲ್ ಬಾಜಪೈ ಅವರು ಅದನ್ನ ತುಂಬಾ ಮುಂದಕ್ಕೆ ಒಯ್ದರು. (ಕರ್ನಾಟಕದಲ್ಲಿ ಯಾಕಿಲ್ಲ ಅಂದ್ರೆ, ನಮ್ಮ ಕಡೆ ಬಂಡೆಗಳು ಬಹುಪಾಲು 250 ಕೋಟಿ ವರ್ಷಕ್ಕೂ ಹಳೇವು, ಮೀನೇ ಹುಟ್ಟಿರಲಿಲ್ಲ ಆಗ, ತಿಮಿಂಗಿಲ ಎಲ್ಲಿಂದ ಬರಬೇಕು.)

ಕಛ್ ಅಂದ ತಕ್ಷಣ ಇನ್ನೊಂದು ನೆನಪಾಗುತ್ತೆ. 2024ರ ಏಪ್ರಿಲ್‌ನಲ್ಲಿ ವಾಸುಕಿ ಇಂಡಿಕಸ್ ಹಾವಿನ ಸುದ್ದಿ ಎಲ್ಲ ಕಡೆ ಓಡ್ತಲ್ಲ, ಅದು ಕಛ್‌ನ ಪನಂಧ್ರೋ ಲಿಗ್ನೈಟ್ ಗಣಿಯದ್ದು. ದೇಬಜಿತ್ ದತ್ತಾ, ಬಾಜಪೈ ಇಬ್ಬರೂ 27 ಬೆನ್ನುಮೂಳೆ ಇಟ್ಕೊಂಡು ಉದ್ದ ಅಂದಾಜು ಮಾಡಿದ್ರು, ಒಂದು ವಿಧಾನದಲ್ಲಿ 11ರಿಂದ 12 ಮೀಟರ್, ಇನ್ನೊಂದರಲ್ಲಿ 15ರ ಹತ್ತಿರ. ಎಚ್ಚರಿಕೆಯ ಮಾತುಗಳು ಪೇಪರ್ ಒಳಗೇ ಇದ್ವು. ಟಿವಿಯಲ್ಲಿ ಯಾವ ಅಂಕಿ ಓಡ್ತು ಅಂತ ನಾನು ಹೇಳಬೇಕಾಗಿಲ್ಲ, 50 ಅಡಿ. ಸಮಸ್ಯೆ ಪೆರುಸೀಟಸ್‌ದೇ, ಬೆನ್ನುಮೂಳೆ ಇದೆ, ಮಿಕ್ಕಿದ್ದಿಲ್ಲ, ಸೂತ್ರ ಬದಲಾದ್ರೆ ಪ್ರಾಣಿಯೂ ಬದಲಾಗುತ್ತೆ. ಆದ್ರೆ ಹಾವಿನಲ್ಲಿ ಉದ್ದ ಒಂದೇ ಅಂದಾಜು, ತಿಮಿಂಗಿಲದಲ್ಲಿ ಉದ್ದ, ದಪ್ಪ, ಮೂಳೆಯ ಪಾಲು ಮೂರೂ ಅಂದಾಜು, ತಪ್ಪು ಒಂದರ ಮೇಲೊಂದು ಗುಣಿಸ್ಕೊಂಡು ಹೋಗುತ್ತೆ.

ಹಾಗಾದ್ರೆ ಪೆರುಸೀಟಸ್ ಜಗಳ ಬಗೆಹರಿಯೋದು ಹೇಗೆ ಅಂದ್ರೆ, ಇನ್ನೊಂದು ಪೇಪರ್‌ನಿಂದ ಅಲ್ಲ, ಇನ್ನಷ್ಟು ಮೂಳೆಯಿಂದ. ಬಾಲದ ಮೂಳೆಗಳ ಸಾಲು ಸಿಕ್ಕಿದ್ರೆ ಉದ್ದ 17ಓ 20ಓ ಅನ್ನೋದು ಇತ್ಯರ್ಥ ಆಗುತ್ತೆ, ತೂಕದ ಅರ್ಧ ಜಗಳ ಅಲ್ಲಿಗೆ ಮುಗೀತು. ತಲೆಬುರುಡೆ ಸಿಕ್ಕಿದ್ರೆ ಅದಕ್ಕಿಂತ ದೊಡ್ಡ ಪ್ರಶ್ನೆಗೆ ಉತ್ತರ ಸಿಗುತ್ತೆ, ಅಷ್ಟು ನಿಧಾನದ ಪ್ರಾಣಿ ಹೊಟ್ಟೆಗೆ ಏನು ಮಾಡ್ಕೊಳ್ತಿತ್ತು ಅಂತ. ಕಡಲಹಸು ಥರ ಹುಲ್ಲು ತಿಂತಿತ್ತಾ ಅಂದ್ರೆ, ಹುಲ್ಲು ತಿನ್ನೋ ತಿಮಿಂಗಿಲ ಇವತ್ತಿನ ತನಕ ಒಂದೂ ಗೊತ್ತಿಲ್ಲ. ತಳದ ಮಣ್ಣು ಕೆದಕಿ ಚಿಪ್ಪಿನ ಜೀವಿ, ಏಡಿ ಥರದ್ದು ತಿಂತಿತ್ತಾ, ಇಲ್ಲ ಸತ್ತು ತಳ ಸೇರಿದ ದೊಡ್ಡ ಪ್ರಾಣಿಗಳ ಹೆಣ ತಿಂದು ಬದುಕ್ತಿತ್ತಾ, ಈ ಮೂರೂ ಸಾಧ್ಯತೆ ಮೊದಲ ಪೇಪರ್‌ನಲ್ಲೇ ಚರ್ಚೆ ಆಗಿವೆ. ಒಂದು ಹಲ್ಲು ಸಿಕ್ಕಿದ್ರೂ ಸಾಕು, ಸವೆದಿರೋ ರೀತಿ ನೋಡಿ ಮೂರರಲ್ಲಿ ಎರಡನ್ನ ಪಕ್ಕಕ್ಕಿಡಬಹುದು. ಲೀಮಾದ ಮ್ಯೂಸಿಯಂನಲ್ಲಿ ಸದ್ಯಕ್ಕೆ ಒಂದು ಹಲ್ಲೂ ಇಲ್ಲ.